ದೂರು ಕೊಡದ ಗ್ರಾಹಕರು

ನಮ್ಮ ಸೋಪಿನ ಕಾರ್ಖಾನೆಗೆ ಏಜೆಂಟ್‌ಗಳು ಬರುತ್ತವೆ ಎಂದಾಗ ಪ್ಯಾಕಿಂಗ್‌ನವರೆಲ್ಲ ವಿಮೆ ಮಾಡಿಸುವವರು ಬರುತ್ತಾರೆಂದೇ ತಿಳಿದಿದ್ದರು. ಕಂಕುಳಲ್ಲಿ ಚೀಲ, ಮುಖದ ತುಂಬ ನಗು, ಕೂತರೆ ಏಳದ ಪೈಕಿ. ಬಂದದ್ದು ಮನುಷ್ಯರೇ ಅಲ್ಲ, ಕಂಪ್ಯೂಟರಿನೊಳಗಿನ ಪ್ರೋಗ್ರಾಮುಗಳು. ಸೋಪು ಕುದಿಯುವ ಕೊಪ್ಪರಿಗೆಗೊಂದು, ಬಣ್ಣ ಪರಿಮಳ ಬೆರೆಸುವ ಮೂರು ಟ್ಯಾಂಕುಗಳಿಗೆ ಒಂದೊಂದು, ಪ್ಯಾಕಿಂಗಿಗೊಂದು, ಲಾರಿಗೆ ಮಾಲು ಹತ್ತಿಸುವ ವಿಭಾಗಕ್ಕೊಂದು. ಯಾವ ಆರ್ಡರು ಯಾವ ಯಂತ್ರದಲ್ಲಿ ಯಾವಾಗ ಆಗಬೇಕೆಂದು ಅವು ತಮ್ಮತಮ್ಮೊಳಗೇ ಮಾತಾಡಿಕೊಂಡು ತೀರ್ಮಾನಿಸುತ್ತವೆ. ಮಾತೆಂದರೆ ಪರದೆಯ ಮೇಲೆ ಸಾಲುಸಾಲಾಗಿ ಬೀಳುವ ಬರಹ. ಓದುತ್ತಾ ಕೂತರೆ ತರಕಾರಿ ಅಂಗಡಿಯ ಮುಂದೆ ನಿಂತ ಹಾಗಿರುತ್ತದೆ. ನೀನಿಷ್ಟು ಬಿಡು, ನಾನಷ್ಟು ಬಿಡುತ್ತೇನೆ ಎಂಬ ಚೌಕಾಸಿಯೇ ಚೌಕಾಸಿ. ಒಂದೇ ವ್ಯತ್ಯಾಸ, ಅವು ಸಿಟ್ಟಾಗುವುದಿಲ್ಲ.

ಅಲ್ಲಿಯವರೆಗೆ ಈ ಚೌಕಾಸಿಯನ್ನೆಲ್ಲ ಒಬ್ಬಳೇ ಮಾಡುತ್ತಿದ್ದವಳು ನನ್ನ ಅತ್ತಿಗೆ, ನನ್ನ ಗಂಡನ ಅಕ್ಕ. ಪ್ಲಾನಿಂಗ್ ವಿಭಾಗವೆಂದರೆ ಅವಳು, ಒಂದು ಕಿಟಕಿ ಇರುವ ಕೋಣೆ, ಮತ್ತು ಅವಳು ಹೇಳಿದ್ದನ್ನು ಕಂಪ್ಯೂಟರಿಗೆ ಹಾಕುವ ನಾನು. ಇಡೀ ಕಾರ್ಖಾನೆ ಅವಳನ್ನು ಪ್ಲಾನಿಂಗಕ್ಕ ಎನ್ನುತ್ತಿತ್ತು. ಯಾವ ಮೇಸ್ತ್ರಿ ಎಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ತಕ್ಕಷ್ಟು ಅವಳೂ ಸುಳ್ಳು ಹೇಳುತ್ತಿದ್ದಳು. ಮನೆಯಲ್ಲೂ ಅಷ್ಟೇ. ಅವಳ ಎದುರು ನಾನು ಬಾಯಿ ಬಿಡುವುದು ಕಡಿಮೆ ಎಂದು ನನ್ನ ಗಂಡ ಹೇಳುತ್ತಾರೆ. ಅದೂ ಸುಳ್ಳೇ.

ನನ್ನ ಗಂಡ ಟ್ಯಾಂಕ್ ಕೆರೆಯುವವರು. ಬಿಸಿ ಸೋಪು ಟ್ಯಾಂಕಿನ ಗೋಡೆಗೆ ಅಂಟಿ ಆರಿದರೆ ಗಟ್ಟಿ ಪದರವಾಗುತ್ತದೆ. ಬಿಟ್ಟರೆ ಅದು ಚಕ್ಕೆಚಕ್ಕೆಯಾಗಿ ಕಳಚಿ ಹೊಸ ಸೋಪಿಗೆ ಬೀಳುತ್ತದೆ. ಈ ಪದರ ಹೆಚ್ಚು ಕಟ್ಟುವುದು ಮೂರನೇ ಟ್ಯಾಂಕಿನಲ್ಲಿ. ಅದಕ್ಕೇ ವಾರಕ್ಕೊಮ್ಮೆ ಅದರ ಮೇಲಿನ ಮುಚ್ಚಳ ತೆಗೆದು, ಏಣಿ ಇಳಿಸಿ, ಇವರು ಒಳಗೆ ಹೋಗಿ ಕಬ್ಬಿಣದ ಪಟ್ಟಿಯಿಂದ ಕೆರೆದು ಬರಬೇಕು. ಒಳಗೆ ಕಲಕುವ ಅಲಗಿನ ಸ್ವಿಚ್ಚಿಗೆ ತಮ್ಮದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯುತ್ತಿದ್ದರು. ಸೋಪು ಬರುವ ಕೊಳವೆಯ ವಾಲ್ವನ್ನು ಮಾತ್ರ ಒಬ್ಬ ಮನುಷ್ಯ ಕೈಯಿಂದ ತಿರುಗಿಸಬೇಕಿತ್ತು. ತಿರುಗಿಸುವ ಮೊದಲು ಒಳಗೆ ಇಣುಕಿ ನೋಡುತ್ತಿದ್ದ. ಹಾಗಾಗಿ ಅದಕ್ಕೊಂದು ಬೀಗ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಏಜೆಂಟ್‌ಗಳು ಬರುವ ಮುಂಚೆ ಅಲ್ಲಿ ತಾನೇ ತೆರೆಯುವ, ತಾನೇ ಮುಚ್ಚುವ ಹೊಸ ವಾಲ್ವ್ ಕೂರಿಸಿದರು. ಇಣುಕಿ ನೋಡುವವನನ್ನು ಬೇರೆ ಕೆಲಸಕ್ಕೆ ಹಾಕಿದರು.

ಯಂತ್ರ ಖಾಲಿ ನಿಂತರೆ ನಮ್ಮ ಮಾಲೀಕರಿಗೆ ಮೈ ಉರಿಯುತ್ತದೆ. ಅದಕ್ಕೇ ಟ್ಯಾಂಕ್ ಕೆರೆಯುವ ಹೊತ್ತಿಗೆ ಅತ್ತಿಗೆ ಒಂದು ಸುಳ್ಳು ಆರ್ಡರು ಹಾಕಿಡುತ್ತಿದ್ದಳು. ಗ್ರಾಹಕರ ಹೆಸರು ಅತ್ತೆಮ್ಮ ಟ್ರೇಡರ್ಸ್.

"ನಿನ್ನ ಅತ್ತೆ ಹೆಸರಿಟ್ರೆ ಯಾರೂ ಮುಟ್ಟೋ ಧೈರ್ಯ ಮಾಡಲ್ಲ ಕಣೇ," ಎಂದಿದ್ದಳು ಮೊದಲ ಸಲ.

"ನನ್ನ ಅತ್ತೆ ಅಂದ್ರೆ ನಿಮ್ಮ ಅಮ್ಮ ಅಲ್ವಾ ಅತ್ತಿಗೆ?"

"ಅದಕ್ಕೇ ಹೇಳ್ತಿರೋದು. ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?"

ಮನೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ನಮ್ಮ ಅತ್ತೆಗೆ, ತಾನು ಲಾರಿಗಟ್ಟಲೆ ಸೋಪು ಕೊಳ್ಳುವ ವ್ಯಾಪಾರಿ ಎಂಬುದು ಗೊತ್ತೇ ಇರಲಿಲ್ಲ. ವಾರವಾರವೂ ಅವರ ಆರ್ಡರು ಪಟ್ಟಿಯಲ್ಲಿ ಮೂರನೇ ಟ್ಯಾಂಕಿನ ಎದುರು ಗಟ್ಟಿಯಾಗಿ ಕೂತಿರುತ್ತಿತ್ತು. ಅಷ್ಟು ಹೊತ್ತು ಅವರ ಮಗ ಒಳಗೆ ನೆಮ್ಮದಿಯಾಗಿ ಕೆರೆದುಕೊಂಡು ಬರುತ್ತಿದ್ದರು.

ಏಜೆಂಟ್‌ಗಳು ಬಂದ ಮೇಲೆ ಅವೂ ಈ ಹೆಸರಿನ ಬಗ್ಗೆ ಕೇಳಿದ್ದವು. ಗ್ರಾಹಕರ ವಿಳಾಸ ಸಿಗುತ್ತಿಲ್ಲ, ಆರ್ಡರು ಉಳಿಸಬೇಕೆ ಎಂದು. ಉಳಿಸಿ ಎಂದು ಅತ್ತಿಗೆ ಉತ್ತರ ಕೊಟ್ಟಿದ್ದಳು. ಅವು ಮರುಮಾತಾಡದೆ ಉಳಿಸಿಕೊಂಡವು. ನೋಡಿದೆಯಾ, ಇವಕ್ಕೂ ನಿನ್ನ ಅತ್ತೆ ಅಂದರೆ ಹೆದರಿಕೆ ಎಂದು ನಕ್ಕಿದ್ದಳು.

ಮೊದಮೊದಲು ಏಜೆಂಟ್‌ಗಳು ಸಲಹೆ ಕೊಡುತ್ತಿದ್ದವು, ಅತ್ತಿಗೆ ಹೂಂ ಎಂದರೆ ಮಾತ್ರ ಕೆಲಸ ನಡೆಯುತ್ತಿತ್ತು. ಅವಕ್ಕೆ ಪೂರ್ತಿ ಅಧಿಕಾರ ಕೊಡುವ ದಿನ ಮಾಲೀಕರು ಕ್ಯಾಂಟೀನಿನಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡರು. ಹೊರಗಿನಿಂದ ಅತಿಥಿಗಳು, ಮೈಕು, ಭಾಷಣ. ಅತ್ತಿಗೆ ಕೋಣೆ ಬಿಟ್ಟು ಅಲ್ಲಾಡಲಿಲ್ಲ.

"ನನ್ನ ಕೆಲಸ ಕಿತ್ಕೊಂಡೋರಿಗೆ ನಾನೇ ಹೋಗಿ ಚಪ್ಪಾಳೆ ತಟ್ಟಬೇಕಾ?"

ನಾನೂ ಉಳಿದೆ. ಏಜೆಂಟ್‌ಗಳನ್ನು ತಂದು ಕೂರಿಸಿದ ಎಂಜಿನಿಯರೂ ನಮ್ಮ ಕೋಣೆಯಲ್ಲೇ ಇದ್ದ. ದಪ್ಪ ಕನ್ನಡಕದ, ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಭಾಷಣವೆಂದರೆ ಅವನಿಗೂ ಆಗುತ್ತಿರಲಿಲ್ಲ. ಅತ್ತಿಗೆ ಅವನನ್ನು ಎದುರಿಗೇ ಕನ್ನಡಕ ಎಂದು ಕರೆಯುತ್ತಿದ್ದಳು, ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ನಾವು ಮೂವರೂ ಚಹಾ ಕುಡಿಯುತ್ತಾ ಪರದೆ ನೋಡುತ್ತಿದ್ದೆವು. ಅಷ್ಟರಲ್ಲಿ ಒಂದು ಸಾಲು ಬಿತ್ತು.

ಎರಡನೇ ಟ್ಯಾಂಕ್: ನನ್ನ ಕಲಕುವ ಮೋಟಾರು ನಿಂತಿದೆ. ನಾನು ಲಭ್ಯವಿಲ್ಲ.

ಕೊಪ್ಪರಿಗೆ: ನನ್ನಲ್ಲಿ ಸೋಪು ಸಿದ್ಧವಾಗಿದೆ. ಹೆಚ್ಚು ಹೊತ್ತು ಇಟ್ಟುಕೊಂಡರೆ ಗಟ್ಟಿಯಾಗುತ್ತದೆ. ಯಾರಾದರೂ ಜಾಗ ಕೊಡಿ.

ಒಂದನೇ ಟ್ಯಾಂಕ್: ನಾನು ತುಂಬಿದ್ದೇನೆ.

ಮೂರನೇ ಟ್ಯಾಂಕ್: ನನ್ನಲ್ಲಿ ಅತ್ತೆಮ್ಮ ಟ್ರೇಡರ್ಸ್ ಅವರ ಆರ್ಡರು ಇದೆ.

ಕೊಪ್ಪರಿಗೆ: ತಡವಾದರೆ ಅವರು ದೂರು ಕೊಡುತ್ತಾರೆಯೇ?

ಲಾರಿ ವಿಭಾಗ: ಹಿಂದೆ ಯಾವತ್ತೂ ಕೊಟ್ಟಿಲ್ಲ.

ಮೂರನೇ ಟ್ಯಾಂಕ್: ಹಾಗಾದರೆ ಅವರನ್ನು ಸಂಜೆಗೆ ಸರಿಸುತ್ತೇನೆ. ಜಾಗ ನಿಮ್ಮದು.

ಕೊಪ್ಪರಿಗೆ: ಉಪಕಾರವಾಯಿತು. ಕೊಳವೆ ಬಿಸಿ ಮಾಡುತ್ತಿದ್ದೇನೆ. ಆದ ಕೂಡಲೇ ಕಳಿಸುತ್ತೇನೆ.

ನನಗೆ ಮೊದಲು ಬಂದದ್ದು ನಗು. ತಡವಾದರೂ ದೂರು ಕೊಡದ ಅತ್ತೆಯಂತೆ. ನಮ್ಮ ಅತ್ತೆಗೆ ಕಾಫಿ ತುಸು ತಡವಾಗಲಿ, ನೋಡಬೇಕು. ನಗುತ್ತಲೇ ಅತ್ತಿಗೆಯ ಕಡೆ ತಿರುಗಿದೆ. ಅವಳ ಮುಖ ಬಿಳಿಚಿಕೊಂಡಿತ್ತು. ಆಗ ಹೊಳೆಯಿತು. ಇವತ್ತು ಕೆರೆಯುವ ದಿನ. ಇವರು ಒಳಗಿದ್ದಾರೆ.

 ಫೋನ್ ಎತ್ತಿ ಟ್ಯಾಂಕಿನ ಮೇಲಿನ ಅಟ್ಟಕ್ಕೆ ಕರೆ ಮಾಡಿದೆ. ಒಬ್ಬರು ಒಳಗಿಳಿದರೆ ಇನ್ನೊಬ್ಬ ಮೇಲೆ ಮುಚ್ಚಳದ ಬಳಿ ಕೂತಿರಬೇಕು, ಅದು ರೂಢಿ. ಗಂಟೆ ಹೊಡೆದುಕೊಂಡಿತು, ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಕಾವಲಿನವನನ್ನು ಸಮಾರಂಭಕ್ಕೆ ಕುರ್ಚಿ ಹೊರಲು ಕರೆದೊಯ್ದಿದ್ದರಂತೆ. ಅದು ಆಮೇಲೆ ತಿಳಿದದ್ದು. ಆಗ ನನಗೆ ಕೇಳುತ್ತಿದ್ದದ್ದು ಆ ಗಂಟೆಯ ಸದ್ದೊಂದೇ.

ಅತ್ತಿಗೆ ಕೀಬೋರ್ಡು ಎಳೆದುಕೊಂಡಿದ್ದಳು. ಅತ್ತೆಮ್ಮ ಟ್ರೇಡರ್ಸ್ ಆರ್ಡರು ತುರ್ತು ಎಂದು ಹೊಡೆದಳು.

ಮೂರನೇ ಟ್ಯಾಂಕ್: ಈ ಆರ್ಡರಿಗೆ ಸ್ಟೋರಿನಿಂದ ಇನ್ನೂ ಬಣ್ಣ, ಪರಿಮಳ ಯಾವುದೂ ಬಂದಿಲ್ಲ. ಈಗ ಶುರು ಮಾಡಲಾಗದು. ಸಂಜೆಗೆ ಖಂಡಿತ ಮಾಡಿಕೊಡುತ್ತೇನೆ.

ತಡವಾದರೆ ದಂಡ ಕೊಡಬೇಕಾಗುತ್ತದೆ ಎಂದು ಹೊಡೆದಳು.

ಲಾರಿ ವಿಭಾಗ: ದಂಡದ ಷರತ್ತು ಸೇರಿಸಲು ಮಾಲೀಕರ ಒಪ್ಪಿಗೆ ಬೇಕು. ಅವರ ಮೊಬೈಲಿಗೆ ಕಳಿಸಿದ್ದೇನೆ.

ಮಾಲೀಕರ ಮೊಬೈಲು ಬಾಯಿ ಮುಚ್ಚಿಕೊಂಡು ಅವರ ಜೇಬಿನಲ್ಲಿತ್ತು. ಅವರ ದನಿ ಮಾತ್ರ ಮೈಕಿನಲ್ಲಿ ಅಂಗಳ ದಾಟಿ ನಮ್ಮ ಕಿಟಕಿಯವರೆಗೆ ಬರುತ್ತಿತ್ತು. ಇನ್ನು ಮುಂದೆ ನಮ್ಮಲ್ಲಿ ಒಂದು ಗಳಿಗೆಯೂ ಯಾವ ಯಂತ್ರವೂ ಖಾಲಿ ನಿಲ್ಲುವುದಿಲ್ಲ ಎನ್ನುತ್ತಿದ್ದರು.

"ಕರೆಂಟ್ ತೆಗೀರಿ," ಎಂದೆ ಕನ್ನಡಕದವನಿಗೆ. "ಏನಾದ್ರೂ ಮಾಡಿ, ಎಲ್ಲ ನಿಲ್ಲಿಸಿ."

"ಕರೆಂಟ್ ಹೋದ್ರೆ ಆ ವಾಲ್ವ್ ತೆರ್ಕೊಳ್ಳುತ್ತೆ. ಸೋಪು ಕೊಳವೆಯಲ್ಲಿ ಕಟ್ಕೋಬಾರ್ದು ಅಂತ ಹಾಗೆ ಮಾಡಿದ್ದಾರೆ." ಅವನು ಎದ್ದು ನಿಂತಿದ್ದ. ನಮ್ಮಿಬ್ಬರ ಮುಖವನ್ನೂ ನೋಡಿದ. "ಮೂರನೇ ಟ್ಯಾಂಕಲ್ಲಿ ಏನಿದೆ? ಈ ಅತ್ತೆಮ್ಮ ಟ್ರೇಡರ್ಸ್ ಅಂದ್ರೆ ನಿಜವಾಗ್ಲೂ ಏನು?"

ಅತ್ತಿಗೆ ಇನ್ನೊಬ್ಬ ಗ್ರಾಹಕರ ಹೆಸರು ಸೃಷ್ಟಿಸಿ, ಅದಕ್ಕಿಂತ ದೊಡ್ಡ ಸುಳ್ಳು ಆರ್ಡರು ಹಾಕಲು ಹೊರಟಿದ್ದಳು. ಅವಸರಕ್ಕೆ ಅಕ್ಷರ ತಪ್ಪುತ್ತಿತ್ತು, ಅಳಿಸಿ ಮತ್ತೆ ಹೊಡೆಯುತ್ತಿದ್ದಳು. ನನಗೆ ಆ ಕ್ಷಣ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೂದಲು ಹಿಡಿದು ಎಳೆಯಬೇಕು ಅನ್ನಿಸಿತು. ಈಗ ಯೋಚಿಸಿದರೆ ಅರ್ಥವಾಗುತ್ತದೆ. ಅಷ್ಟು ವರ್ಷ ತಮ್ಮನನ್ನು ಸುಳ್ಳಿನಿಂದಲೇ ಕಾಯ್ದುಕೊಂಡು ಬಂದವಳಿಗೆ, ನಿಜವೂ ಕೆಲಸಕ್ಕೆ ಬರಬಹುದೆಂದು ಹೊಳೆಯಲೇ ಇಲ್ಲ.

"ನನ್ನ ಗಂಡ ಒಳಗಿದ್ದಾರೆ," ಎಂದೆ ನಾನು. "ಟ್ಯಾಂಕಿನ ಒಳಗೆ."

"ಅದನ್ನೇ ಬರೀರಿ," ಎಂದ ಕನ್ನಡಕದವನು. "ಮೇಡಂ, ಕೇಳಿ ಇಲ್ಲಿ. ಆರ್ಡರು ಗೀರ್ಡರು ಬಿಡಿ. ಅದನ್ನೇ ಬರೀರಿ."

ಅವಳು ಬರೆಯುವುದನ್ನು ನೋಡಲು ನಾನು ನಿಲ್ಲಲಿಲ್ಲ. ಆ ಹಾಳು ಪರದೆಯ ಮೇಲೆ ನಂಬಿಕೆ ಇಡಲು ನನ್ನಿಂದಾಗಲಿಲ್ಲ. ಓಡಿದೆ.

ಅಂಗಳದಲ್ಲಿ ಅತಿಥಿಗಳ ಕಾರುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿದ್ದವು. ನಡುವೆ ಅಡ್ಡಡ್ಡವಾಗಿ ನುಸುಳಿದೆ, ಒಂದರ ಕನ್ನಡಿ ಮುರಿಯಿತು. ಚಪ್ಪಲಿ ಎಲ್ಲಿ ಬಿಟ್ಟೆನೋ ತಿಳಿಯದು. ಕ್ಯಾಂಟೀನಿನಿಂದ ಚಪ್ಪಾಳೆ ಕೇಳಿಸಿತು. ಟ್ಯಾಂಕಿನ ಶೆಡ್ಡಿನೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ತಲೆಯ ಮೇಲೆ ಕೊಪ್ಪರಿಗೆಯಿಂದ ಬರುವ ಕೊಳವೆ ಟಿಕ್ ಟಿಕ್ ಎನ್ನುತ್ತಿತ್ತು. ತಣ್ಣಗಿದ್ದ ಕಬ್ಬಿಣ ಬಿಸಿಯಾಗುವಾಗ ಹಾಗೆ ಸದ್ದು ಮಾಡುತ್ತದೆ. ಅಟ್ಟದ ಮೆಟ್ಟಿಲಿನ ಪಕ್ಕ ಅದು ಕೆಳಗಿಳಿದಿರುವಲ್ಲಿ ಅಂಗೈ ಇಟ್ಟೆ. ಸುಟ್ಟಿತು.

"ರೀ," ಎಂದು ಕೂಗಿದೆ. "ರೀ, ಹೊರಗೆ ಬನ್ನಿ."

ಟ್ಯಾಂಕಿನೊಳಗಿಂದ ಕೆರೆಯುವ ಸದ್ದು ಬರುತ್ತಲೇ ಇತ್ತು. ಒಳಗೆ ಕೆರೆಯುವವರಿಗೆ ಹೊರಗಿನ ಸದ್ದು ಕೇಳುವುದಿಲ್ಲ, ಕಿವಿಗೆ ಹತ್ತಿ ತುರುಕಿಕೊಂಡಿರುತ್ತಾರೆ. ಮೆಟ್ಟಿಲು ಹತ್ತತೊಡಗಿದೆ. ನನಗೆ ದೇವರು ನೆನಪಾಗಲಿಲ್ಲ. ಬೆಳಿಗ್ಗೆ ಇವರ ಡಬ್ಬಿಗೆ ನೆನ್ನೆಯ ಪಲ್ಯವನ್ನೇ ಬಿಸಿ ಮಾಡಿ ಹಾಕಿದ್ದು ನೆನಪಾಯಿತು. ಅಷ್ಟಕ್ಕೇ ಅಳು ಬಂತು.

ಅಟ್ಟ ಹತ್ತಿ ಮುಚ್ಚಳದ ಬಳಿ ಹೋಗುವ ಹೊತ್ತಿಗೆ ಪಕ್ಕದಲ್ಲಿ ಹೊಸ ವಾಲ್ವ್ ಬುಸ್ಸೆಂದಿತು. ತೆರೆಯುವಾಗ ಅದು ಹಾಗೆ ಗಾಳಿ ಬಿಡುತ್ತದೆ. ಒಳಗೆ ಏನೋ ಧಪ್ಪೆಂದು ಬಿದ್ದ ಸದ್ದು. ಕೆರೆಯುವ ಸದ್ದು ನಿಂತಿತು. ಇವರು ಒಮ್ಮೆ ಜೋರಾಗಿ ಕೂಗಿದರು.

ಆಮೇಲೆ ವಾಲ್ವ್ ಮತ್ತೊಮ್ಮೆ ಬುಸ್ಸೆಂದಿತು. ಅದರ ತಲೆಯ ಮೇಲಿನ ಹಸಿರು ದೀಪ ಕೆಂಪಾಯಿತು. ತಲೆಯ ಮೇಲಿನ ಕೊಳವೆಯಲ್ಲಿ ಏನೋ ಹಿಂದಕ್ಕೆ ಹರಿದುಹೋದ ಹಾಗೆ ಗುಡುಗುಡು ಎಂದು ಸುಮ್ಮನಾಯಿತು. ಇಡೀ ಶೆಡ್ಡಿನಲ್ಲಿ ಒಂದು ಯಂತ್ರವೂ ಸದ್ದು ಮಾಡುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಅಂಥ ಮೌನವನ್ನು ನಾನು ಅಲ್ಲಿ ಕಂಡೇ ಇರಲಿಲ್ಲ.

ಮುಚ್ಚಳದ ತೂತಿನಲ್ಲಿ ಮೊದಲು ಇವರ ಕೈ ಕಾಣಿಸಿತು, ಆಮೇಲೆ ತಲೆ. ಎರಡೂ ಕೈಯಲ್ಲಿ ಅಂಗಿ ಹಿಡಿದು ಎಳೆದು ಹಾಕಿದೆ. ಬಲಗಾಲಿನ ಬೂಟಿನ ಮೇಲೆ, ಮೊಣಕಾಲಿನ ಕೆಳಗೆ ಬಿಸಿ ಸೋಪು ಮೆತ್ತಿಕೊಂಡಿತ್ತು. ಒಂದು ಬಕೆಟ್ಟಿನಷ್ಟು ಬಿದ್ದಿರಬಹುದು. ಇವರು ಆಚೆ ಗೋಡೆಯ ಕಡೆ ಇದ್ದದ್ದರಿಂದ ಕಾಲಿಗೆ ಮಾತ್ರ ಸಿಡಿದಿತ್ತು. ಕಾವಲಿನವನ ನೀರಿನ ಕೊಡ ಅಲ್ಲೇ ಇತ್ತು, ಪೂರ್ತಿ ಸುರಿದೆ. ಚರ್ಮ ಕೆಂಪಾಗಿ ಉಬ್ಬುತ್ತಿತ್ತು. ಇವರು ಕಿವಿಯ ಹತ್ತಿ ತೆಗೆದು, ನನ್ನ ಬರಿಗಾಲು ನೋಡಿದರು.

"ಚಪ್ಪಲಿ ಎಲ್ಲೇ?" ಎಂದರು.

ಎಂಥ ಗಂಡಸೋ. ಕಪಾಳಕ್ಕೆ ಬಾರಿಸಬೇಕೆಂದು ಎತ್ತಿದ ಕೈಯಿಂದಲೇ ತಬ್ಬಿಕೊಂಡು ಅತ್ತುಬಿಟ್ಟೆ.

ಇವರ ಕಾಲಿಗೆ ಔಷಧಿ ಹಚ್ಚಿಸಿ, ಆಸ್ಪತ್ರೆಗೆ ಕಳಿಸಲು ವ್ಯಾನು ಬರುವಷ್ಟರಲ್ಲಿ ಪ್ಲಾನಿಂಗ್ ಕೋಣೆಗೆ ಹೋದೆ. ಅತ್ತಿಗೆ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಬದುಕಿದ್ದಾರೆ ಎಂದೆ. ತಲೆಯಾಡಿಸಿದಳು. ಪರದೆಯಲ್ಲಿ, ಸಾಗದ ಆ ಹೊಸ ಸುಳ್ಳು ಆರ್ಡರಿನ ಕೆಳಗೆ, ಅವಳು ಕೊನೆಗೂ ಬರೆದದ್ದು ಹಾಗೇ ಇತ್ತು.

ಪ್ಲಾನಿಂಗ್: ಮೂರನೇ ಟ್ಯಾಂಕಿನೊಳಗೆ ಮನುಷ್ಯ ಇದ್ದಾನೆ.

ಮೂರನೇ ಟ್ಯಾಂಕ್: ವಾಲ್ವ್ ಮುಚ್ಚಿದ್ದೇನೆ.

ಕೊಪ್ಪರಿಗೆ: ನಿಲ್ಲಿಸಿದ್ದೇನೆ. ನನ್ನಲ್ಲಿರುವ ಸೋಪು ಗಟ್ಟಿಯಾಗುತ್ತದೆ. ಆಗಲಿ.

ಚೌಕಾಸಿ ಇಲ್ಲ, ಸಂಜೆಗೆ ಮಾಡೋಣ ಎಂಬ ಮಾತಿಲ್ಲ, ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಅತ್ತಿಗೆ ಆ ಮೂರು ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಮಾಲೀಕರು ಬಂದರು. ಹಿಂದೆ ಅತಿಥಿಗಳು. ಕೊಪ್ಪರಿಗೆಯಲ್ಲಿ ಸೋಪು ಕಲ್ಲಾಗುತ್ತಿದೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಕನ್ನಡಕದವನು ನಡೆದದ್ದನ್ನು ಹೇಳಿದ. ಮಾಲೀಕರ ಮುಖ ಕೆಂಪೇರಿತು.

"ಸುಳ್ಳು ಗ್ರಾಹಕರು? ನನ್ನ ಕಾರ್ಖಾನೇಲಿ? ಟ್ಯಾಂಕಿನೊಳಗೆ ಮನುಷ್ಯ ಇರ್ತಾನೆ ಅಂತ ಮೊದಲೇ ಬರೀಬಾರ್ದಿತ್ತೇನಮ್ಮ?"

"ಬರೆದಿದ್ದೆ ಸರ್." ಅತ್ತಿಗೆಯ ದನಿ ತೀರಾ ಸಣ್ಣದಾಗಿತ್ತು. "ಶುರುವಿನಲ್ಲಿ ಹಾಗೇ ಬರೀತಿದ್ದೆ. ಮೂರನೇ ಟ್ಯಾಂಕು, ಕೆರೆಯೋ ಕೆಲಸ, ಒಳಗೆ ಮನುಷ್ಯ. ಪ್ರತಿ ವಾರ ನಿಮ್ಮ ಸಹಿಗೆ ಬರ್ತಿತ್ತು. ಪ್ರತಿ ವಾರ ನೀವು ಅದಕ್ಕೊಂದು ಅಡ್ಡಗೆರೆ ಎಳೆದು, ಇದು ಆಮೇಲಾಗಲಿ ಅಂತಿದ್ರಿ. ನನ್ನ ತಮ್ಮ ಊಟದ ಬಿಡುವಿನಲ್ಲಿ ಓಡೋಡಿ ಹೋಗಿ ಕೆರೆದು ಬರ್ತಿದ್ದ. ಅಮ್ಮನ ಹೆಸರು ಹಾಕಿದ್ಮೇಲೆ ನೀವು ಒಂದು ಸಲಾನೂ ಗೆರೆ ಎಳೀಲಿಲ್ಲ."

 ಅತಿಥಿಗಳು ಕಿಟಕಿಯ ಕಡೆ ನೋಡತೊಡಗಿದರು. ಅಷ್ಟು ಜನರ ಎದುರು ಮಾನ ಹೋದ ಸಿಟ್ಟು ಎಲ್ಲಾದರೂ ಇಳಿಯಬೇಕಲ್ಲ, ಮರುದಿನ ಮಾಲೀಕರು ಅತ್ತಿಗೆಯನ್ನು ಒಂದು ತಿಂಗಳು ಕೆಲಸದಿಂದ ಹೊರಗಿಟ್ಟರು. ನನ್ನನ್ನು ಅವಳ ಕುರ್ಚಿಯಲ್ಲಿ ಕೂರಿಸಿದರು. ಹೊರಡುವಾಗ ಅವಳು ಕನ್ನಡಕದವನಿಗೆ ಒಂದೇ ಮಾತು ಹೇಳಿದಳು.

"ಅಡ್ಡಗೆರೆ ಎಳೆಯೋಕೆ ಜಾಗ ಇಡಬೇಡಪ್ಪ. ಪ್ರಶ್ನೆ ಕೇಳೋ ಹಾಗೆ ಮಾಡು."

ಅವನು ಹೂಂ ಎಂದ.

ಇವರ ಕಾಲು ಮಾಯಿತು, ಕಂದು ಕಲೆ ಉಳಿಯಿತು. ಮತ್ತೆ ಟ್ಯಾಂಕಿಗೆ ಇಳಿಯುವ ದಿನ ಬಂದಾಗ ನಾನು ಬೇಡವೆಂದೆ, ಇವರು ಕೇಳಲಿಲ್ಲ. ಈ ಸಲ ಆ ವಾಲ್ವಿಗೂ ಒಂದು ಬೀಗ ಬಿದ್ದಿತ್ತು, ಕಾವಲಿನವನೂ ಜಾಗದಲ್ಲೇ ಇದ್ದ. ಪರದೆಯ ಮೇಲೆ ಮೂರನೇ ಟ್ಯಾಂಕಿನ ಎದುರು ಅತ್ತೆಮ್ಮ ಟ್ರೇಡರ್ಸ್ ಇರಲಿಲ್ಲ. ಒಳಗೆ ಮನುಷ್ಯ ಇದ್ದಾನೆ ಎಂದಷ್ಟೇ ಇತ್ತು. ನಾನೇ ಬರೆದದ್ದು. ಆದರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮಾಲೀಕರು ಒಳಗೆ ಬಂದರು. ಹೊರಗೆ ಒಂದು ಲಾರಿ ಮಾಲಿಗಾಗಿ ಕಾಯುತ್ತಿತ್ತು, ಚಾಲಕ ಹಾರ್ನ್ ಹೊಡೆದು ಹೊಡೆದು ಎಲ್ಲರ ತಲೆ ತಿನ್ನುತ್ತಿದ್ದ.

"ಮೂರನೇ ಟ್ಯಾಂಕು ಇನ್ನೂ ಖಾಲಿ ಯಾಕೆ?" ಎಂದರು. ನಾನು ಪರದೆ ತೋರಿಸಿದೆ. "ಆ ಕೆಲಸ ಆಮೇಲೆ ಮಾಡಬಹುದಲ್ಲ. ಸರಿಸು ಅದನ್ನ."

"ನನ್ನಿಂದ ಆಗಲ್ಲ ಸರ್. ನೀವೇ ಸರಿಸಬೇಕು."

ಅವರು ಮೇಜಿನ ಮೇಲೆ ಬಾಗಿ ಮೌಸು ಹಿಡಿದರು.  ಆ ಸಾಲಿನ ಮೇಲೆ ಒತ್ತಿದ ಕೂಡಲೇ ಪರದೆಯಲ್ಲಿ ಒಂದು ಪ್ರಶ್ನೆ ಬಂತು. ಒಳಗಿದ್ದ ಮನುಷ್ಯ ಹೊರಗೆ ಬಂದಿದ್ದಾನೆಯೇ? ಕೆಳಗೆ ಹೌದು, ಇಲ್ಲ ಎಂದು ಎರಡು ಗುಂಡಿ. ಅದರ ಕೆಳಗೆ, ಉತ್ತರ ಕೊಟ್ಟವರು ಎಂದು ಮಾಲೀಕರ ಪೂರ್ತಿ ಹೆಸರು.

ಲಾರಿಯವನು ಮತ್ತೆ ಹಾರ್ನ್ ಹೊಡೆದ. ಮಾಲೀಕರ ಬೆರಳು ಮೌಸಿನ ಮೇಲೆಯೇ ಇತ್ತು. ಅವರು ಆ ಪ್ರಶ್ನೆಯನ್ನು ಓದಿದರು, ತಮ್ಮ ಹೆಸರನ್ನು ಓದಿದರು, ಮತ್ತೆ ಪ್ರಶ್ನೆಯನ್ನು ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. ಇಷ್ಟು ವರ್ಷಗಳಲ್ಲಿ ಅವರು ಅದನ್ನು ಕೇಳಿದ್ದು ಅದೇ ಮೊದಲು.

"ನಿಮ್ಮವರು ಹೊರಗೆ ಬಂದ್ರೇನಮ್ಮ?"

"ಇನ್ನೂ ಇಲ್ಲ ಸರ್."

ಅವರು ಮೌಸಿನಿಂದ ಕೈ ತೆಗೆದರು. ಸುತ್ತ ನೋಡಿ, ಗೋಡೆಯ ಪಕ್ಕದಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತು, ಇವರು ಹೊರಗೆ ಬರುವವರೆಗೂ ಕಾದರು.